ಅದೇ ಕಾಡಿಗೆ ಮಕ್ಕಳನ್ನು ಏಕೆ ಕರೆದೊಯ್ಯುತ್ತೀರಿ?

ಪ್ರತಿ ಬೇಸಿಗೆ ರಜೆಯಲ್ಲಿ ಒಂದಷ್ಟು ಮಕ್ಕಳನ್ನು ಕಾಡು ಸುತ್ತಲು ಕರೆದೊಯ್ಯುತ್ತೇನೆ. ಚಿಕ್ಕವಳಿದ್ದಾಗ ನಾನೇ ಕಾಡಿನಲ್ಲಿ ದಾರಿ ತಪ್ಪಿ ಅರ್ಧ ದಿನ ಅಲೆದಿದ್ದೆನೆಂಬುದು ಅವರ ತಂದೆತಾಯಿಯರ ಕಿವಿಗೆ ಬಿದ್ದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ: "ಅಷ್ಟೆಲ್ಲ ಆದ ಮೇಲೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಭಯವಾಗುವುದಿಲ್ಲವೇ?"

ಭಯವಾಗುತ್ತದೆ. ಆದರೂ ಕರೆದೊಯ್ಯುತ್ತೇನೆ. ಏಕೆಂದು ಹೇಳಬೇಕಾದರೆ ಆ ದಿನದಿಂದಲೇ ಶುರುಮಾಡಬೇಕು.

ನನಗೆ ಆಗ ಹತ್ತು ವರ್ಷ. ದೊಡ್ಡಮ್ಮನ ಮಗನಿಗೆ ಹನ್ನೆರಡು, ತಂಗಿಗೆ ಏಳು. ರಜೆ ಶುರುವಾಗಿ ವಾರ ಕಳೆಯುವುದರೊಳಗೆ ಕಾಡಂಚಿನ ಜಾಗಗಳೆಲ್ಲ ನಮಗೆ ಹಳತಾಗಿದ್ದವು. ಅಂದು ತೊರೆಯ ಜಾಡು ಹಿಡಿದು ಮೇಲಕ್ಕೆ ಹೋದೆವು. ಬಿಸಿಲಿಗೆ ತೊರೆ ಬತ್ತಿ ಅಲ್ಲಲ್ಲಿ ಮಡುಗಳಷ್ಟೇ ಉಳಿದಿದ್ದವು. ಒಂದೊಂದು ಮಡುವಿನಲ್ಲೂ ಒಂದೊಂದು ಬೆರಗು. ಒಂದರಲ್ಲಿ ಗೊದಮೊಟ್ಟೆಗಳು, ಇನ್ನೊಂದರ ಮೇಲೆ ನೀರಿನಲ್ಲಿ ಮುಳುಗದೆ ಓಡಾಡುವ ಹುಳುಗಳು, ಮತ್ತೊಂದರ ಕೆಸರಿನಲ್ಲಿ ಯಾವುದೋ ಪ್ರಾಣಿಯ ಹಸಿ ಹೆಜ್ಜೆ. ಅಣ್ಣ ಅದಕ್ಕೆ ಗಳಿಗೆಗೊಂದು ಹೆಸರಿಡುತ್ತಿದ್ದ. ಮುಂದಿನ ಮಡು ನೋಡೋಣ, ಅದರ ಮುಂದಿನದನ್ನೂ ನೋಡೋಣ ಎನ್ನುತ್ತಾ ಹೋದವರು, ನೀಲಿ ರೆಕ್ಕೆಯ ಒಂದು ಹಕ್ಕಿಯ ಹಿಂದೆ ಬಿದ್ದು ತೊರೆಯನ್ನೇ ಬಿಟ್ಟೆವು.

ಹಿಂದಿರುಗಲು ತಿರುಗಿದಾಗ, ಬಂದ ಕಾಡು ಅಲ್ಲಿರಲಿಲ್ಲ.

ಹೀಗೆ ಹೇಳಿದರೆ ದೊಡ್ಡವರು ನಗುತ್ತಾರೆ; ಮಕ್ಕಳು ನಗುವುದಿಲ್ಲ. ಬರುವಾಗ ನಾವು ನೋಡಿದ್ದು ಮರಗಳ ಒಂದು ಮಗ್ಗುಲನ್ನು ಮಾತ್ರ. ಪೊಟರೆ ಇದ್ದ ಮರವು ಹಿಂದಿನಿಂದ ಬರೀ ಕಾಂಡ. ಬಾಗಿದ ಕೊಂಬೆ ಎದುರಿನಿಂದ ನೆಟ್ಟಗೆ ಕಾಣುತ್ತದೆ. ಒಮ್ಮೆಯೂ ತಿರುಗಿ ನೋಡದೆ ಹೋದವರಿಗೆ ಹಿಂದಿರುಗುವ ದಾರಿ ಎಂಬುದು ಎಂದೂ ಕಾಣದ ದಾರಿ.

ಆದರೂ ನಡೆದೆವು, ಬಿರಬಿರನೆ. ಅಣಬೆ ಹತ್ತಿದ ಒಂದು ಬಿದ್ದ ಮರ ಸಿಕ್ಕಿತು. ದಾಟಿದೆವು. ಎಷ್ಟೋ ಹೊತ್ತಿನ ಮೇಲೆ ಅಂಥದೇ ಇನ್ನೊಂದು. ಮೂರನೆಯ ಸಲ ಅದರ ಮೇಲೆ ತಂಗಿ ಒಡೆದು ಹಾಕಿದ್ದ ಅಣಬೆಯ ಚೂರುಗಳು ಕಂಡಾಗ ಅಣ್ಣನ ಮುಖ ಬಿಳಿಚಿಕೊಂಡಿತು. ನೇರವಾಗಿಯೇ ನಡೆಯುತ್ತಿದ್ದೇವೆಂಬುದರಲ್ಲಿ ಅಲ್ಲಿಯವರೆಗೆ ನಮಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಏಕೆ ಹಾಗಾಯಿತೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 2009ರಲ್ಲಿ ಯಾನ್ ಸೌಮನ್ ಮತ್ತು ಸಂಗಡಿಗರು ಜರ್ಮನಿಯ ಬಿಯೆನ್‌ವಾಲ್ಡ್ ಕಾಡಿನಲ್ಲಿ ಜನರನ್ನು ಗಂಟೆಗಟ್ಟಲೆ ನಡೆಸಿ, ಅವರ ಜಾಡನ್ನು ಜಿಪಿಎಸ್‌ನಿಂದ ಗುರುತಿಸಿದ ಸಂಶೋಧನೆಯನ್ನು ಪ್ರಕಟಿಸಿದರು. ಸೂರ್ಯ ಕಾಣುತ್ತಿದ್ದಾಗ ಜನ ಹೆಚ್ಚು ಕಡಿಮೆ ನೇರವಾಗಿಯೇ ನಡೆದರು. ಮೋಡ ಮುಚ್ಚಿದ ದಿನ ನಡೆದವರೆಲ್ಲ ಸುತ್ತು ಹಾಕಿದರು, ತಮ್ಮದೇ ಜಾಡನ್ನು ದಾಟಿದ್ದೂ ಅವರಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಕಣ್ಣು ಕಟ್ಟಿದಾಗಲಂತೂ ಕೆಲವರ ಸುತ್ತು 20 ಮೀಟರ್ ಅಗಲಕ್ಕೇ ಇಳಿಯಿತು. ಒಂದು ಕಾಲು ಇನ್ನೊಂದಕ್ಕಿಂತ ತುಸು ಗಿಡ್ಡ ಇರುವುದರಿಂದ ಹೀಗಾಗುತ್ತದೆಂಬ ಹಳೆಯ ನಂಬಿಕೆಗೆ ಅವರಿಗೆ ಆಧಾರ ಸಿಗಲಿಲ್ಲ. ನೇರ ಯಾವುದೆಂಬ ನಮ್ಮ ಅಂದಾಜಿನಲ್ಲಿ ಹೆಜ್ಜೆಹೆಜ್ಜೆಗೂ ಸಣ್ಣ ತಪ್ಪು ಸೇರುತ್ತದೆ. ಸೂರ್ಯನೋ ದೂರದ ಬೆಟ್ಟವೋ ತಿದ್ದದಿದ್ದರೆ ಆ ತಪ್ಪುಗಳೇ ಕೂಡಿಕೊಂಡು ದಾರಿಯನ್ನು ಬಗ್ಗಿಸುತ್ತವೆ. ನಮ್ಮ ತಲೆಯ ಮೇಲೆ ಅಂದು ಎಲೆಯ ಚಪ್ಪರ ಎಷ್ಟು ದಟ್ಟವಾಗಿತ್ತೆಂದರೆ ಸೂರ್ಯ ಯಾವ ಕಡೆ ಇದ್ದಾನೆಂದೇ ತಿಳಿಯುತ್ತಿರಲಿಲ್ಲ.

ನಮ್ಮನ್ನು ಉಳಿಸಿದವಳು ತಂಗಿ. ಆ ಬಿದ್ದ ಮರದ ಮೇಲೆ ಕುಳಿತು, "ಅಕ್ಕಾ, ನಾನು ಇನ್ನು ಒಂದು ಹೆಜ್ಜೆಯೂ ಇಡುವುದಿಲ್ಲ" ಎಂದಳು. ಅಣ್ಣ ಗದರಿದ, ನಾನು ರಮಿಸಿದೆ. ಏಳಲಿಲ್ಲ. ಬಿಟ್ಟು ಹೋಗುವಂತಿರಲಿಲ್ಲ, ನಾವೂ ಕುಳಿತೆವು. ನಮ್ಮ ಹೆಜ್ಜೆಯ ಕೆಳಗಿನ ತರಗೆಲೆಗಳ ಸದ್ದು ನಿಂತ ಮೇಲೆ ಮೊದಲ ಬಾರಿಗೆ ಕಾಡು ಕೇಳಿಸಿತು: ಜೀರುಂಡೆ, ಎಲ್ಲೋ ಮರಕುಟಿಗ, ಎಲೆಯಿಂದ ಎಲೆಗೆ ದಾಟುವ ಗಾಳಿ. ಕಾಡಿನೊಳಗೆ ಸಂಜೆ ಬೇಗ ಇಳಿಯುತ್ತದೆ. ಹೊರಗೆ ಇನ್ನೂ ಬಿಸಿಲಿದ್ದಾಗಲೇ ನಮಗೆ ಕತ್ತಲು ಕವಿಯುತ್ತಿತ್ತು. ಆಗ ಬಹಳ ಸಣ್ಣದಾಗಿ ಅಪ್ಪನ ಕೂಗು ಕೇಳಿಸಿತು. ಓಗೊಟ್ಟೆವು. ಅವರು ಬಂದು ತಂಗಿಯನ್ನು ಎತ್ತಿಕೊಂಡರು, ಬಯ್ಯಲಿಲ್ಲ. ಅಲ್ಲಿಂದ ಕಾಡಿನ ಅಂಚಿಗೆ ನಾನು ಎಣಿಸಿದ್ದು ಮುನ್ನೂರ ಹನ್ನೆರಡು ಹೆಜ್ಜೆ.

ನಡೆಯುತ್ತಲೇ ಇದ್ದಿದ್ದರೆ ಆ ಕೂಗು ನಮಗೆ ಕೇಳಿಸುತ್ತಿರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1981ರಲ್ಲಿ ಹೀಗೆಯೇ ಕಳೆದುಹೋದ ಒಂಬತ್ತು ವರ್ಷದ ಹುಡುಗನೊಬ್ಬ ಜೀವಂತವಾಗಿ ಸಿಗಲಿಲ್ಲ. ಅವನನ್ನು ಹುಡುಕಲು ಹೋದವರು ಆ ನೋವಿನಿಂದಲೇ ಮಕ್ಕಳಿಗಾಗಿ ಒಂದು ಪಾಠ ರೂಪಿಸಿದರು. ಅದರ ತಿರುಳು ಒಂದೇ: ದಾರಿ ತಪ್ಪಿತೆಂದು ತಿಳಿದ ಕೂಡಲೇ ಹತ್ತಿರದ ಒಂದು ಮರವನ್ನು ಅಪ್ಪಿಕೊ, ಅದನ್ನು ಬಿಟ್ಟು ಕದಲಬೇಡ. ತಂಗಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ದಣಿದ ಕಾಲುಗಳು ಸರಿಯಾದ ತೀರ್ಮಾನ ಮಾಡಿದ್ದವು.

ಹಾಗಾದರೆ ಮಕ್ಕಳನ್ನು ಕಾಡಿಗೇ ಬಿಡದಿದ್ದರಾಯಿತಲ್ಲ ಎನ್ನುವವರಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು ನೂರಕ್ಕೆ 9ಕ್ಕೆ ಇಳಿದಿತ್ತೆಂದು ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಶಾಲೆಯ ದಾರಿಯ ಕಥೆಯೇ ಇದಾದರೆ ಕಾಡಿನ ದಾರಿಯನ್ನು ಕೇಳುವುದೇ ಬೇಡ. ಕೈಹಿಡಿದೇ ನಡೆದ ಮಗುವಿಗೆ ದಾರಿ ನೋಡಿಕೊಳ್ಳುವ ಕೆಲಸವೇ ಇರುವುದಿಲ್ಲ. ಕೊಲಂಬಿಯಾದಲ್ಲಿ 2023ರಲ್ಲಿ ವಿಮಾನ ಬಿದ್ದ ಮೇಲೆ ಅಮೆಜಾನ್ ಕಾಡಿನಲ್ಲಿ 40 ದಿನ ಬದುಕುಳಿದ ನಾಲ್ವರು ಒಡಹುಟ್ಟಿದವರಲ್ಲಿ ಹಿರಿಯಳಿಗೆ 13 ವರ್ಷ, ಕಿರಿಯ ಇನ್ನೂ ಕೂಸು. ಯಾವ ಹಣ್ಣು ತಿನ್ನಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅವಳು ಮನೆಯ ಹಿರಿಯರಿಂದ ಮೊದಲೇ ಕಲಿತಿದ್ದಳು.

ನನ್ನ ಜೊತೆ ಬರುವ ಮಕ್ಕಳಿಗೆ ಮೊದಲ ದಿನ ನಾನು ಕಾಡು ತೋರಿಸುವುದೇ ಇಲ್ಲ. ಕಾಡಿನ ಬೆನ್ನು ತೋರಿಸುತ್ತೇನೆ. ಇಪ್ಪತ್ತು ಹೆಜ್ಜೆಗೊಮ್ಮೆ ಎಲ್ಲರೂ ತಿರುಗಿ ನಿಂತು, ಹಿಂದೆ ಏನಿದೆಯೆಂದು ಗಟ್ಟಿಯಾಗಿ ಹೇಳಬೇಕು. ಪ್ರತಿಯೊಬ್ಬರ ಕೊರಳಲ್ಲೂ ಒಂದು ಸೀಟಿ ಇರುತ್ತದೆ: ಮೂರು ಬಾರಿ ಊದುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಮೂರು ಬಾರಿ. ಕೂಗಿ ಕೂಗಿ ಗಂಟಲು ಸೋಲುತ್ತದೆ, ಸೀಟಿಗೆ ಆ ದಣಿವಿಲ್ಲ. ನಾನು ಸದಾ ಕೊನೆಯಲ್ಲಿ ನಡೆಯುತ್ತೇನೆ, ದಾರಿ ಆರಿಸುವವರು ಅವರು. ಎರಡನೆಯ ದಿನಕ್ಕೆ ಅವರೇ ನನ್ನನ್ನು ತಡೆದು, "ಅಕ್ಕಾ, ಈ ಮರ ಈ ಕಡೆಯಿಂದ ಬೇರೆಯೇ ಮರ, ನೋಡಿ" ಎನ್ನುತ್ತಾರೆ. ಹತ್ತು ವರ್ಷದ ನನಗೆ ತಿಳಿಯದ ಮಾತು ಅದು.

ಈ ರಜೆಯಲ್ಲಿ ತಂಗಿಯ ಮಗಳೂ ಬರುತ್ತಿದ್ದಾಳೆ. ಅವಳಿಗೀಗ ಏಳು ವರ್ಷ. ಸೀಟಿಯನ್ನು ತಂಗಿಯೇ ತಂದು ಮಗಳ ಕೊರಳಿಗೆ ಹಾಕಿ, ದಾರದ ಗಂಟನ್ನು ಎರಡು ಸಲ ಎಳೆದು ನೋಡಿದಳು.