ಕಲ್ಲು ಉಜ್ಜುವಾಗ ಕೊನೆಯ ಇಪ್ಪತ್ತು ಮೈಕ್ರಾನ್

ಭೂವಿಜ್ಞಾನಿಗಳು ತರುವ ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿಕೊಡುವುದು ನನ್ನ ಕೆಲಸ. ಕಲ್ಲಿನ ಬಿಲ್ಲೆ ಕತ್ತರಿಸಿ, ಗಾಜಿನ ಸ್ಲೈಡಿಗೆ ಅಂಟಿಸಿ, 30 ಮೈಕ್ರಾನ್ ದಪ್ಪಕ್ಕೆ ತರಬೇಕು. ಅಂದರೆ 0.03 ಮಿಲಿಮೀಟರ್. ಇದಕ್ಕೆ ಥಿನ್ ಸೆಕ್ಷನ್ ಅನ್ನುತ್ತೇವೆ. ಇಂಗ್ಲೆಂಡಿನ ಭೂವಿಜ್ಞಾನಿ ಹೆನ್ರಿ ಕ್ಲಿಫ್ಟನ್ ಸಾರ್ಬಿ 1849ರ ಹೊತ್ತಿಗೇ ಇದನ್ನು ಕೈಯಲ್ಲಿ ಉಜ್ಜಿ ಮಾಡಿದ್ದರು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಶಿಸ್ಟ್ ಎಂಬ ಪದರು ಪದರಾದ ಕಲ್ಲೊಂದು ಬಂತು. ಮೈತುಂಬ ಕಾಗೆಬಂಗಾರದ ಹೊಳಪು, ನಡುವೆ ಒಂದೇ ಒಂದು ದೊಡ್ಡ ಗಾರ್ನೆಟ್ ಹರಳು. ತಂದವರಿಗೆ ಬೇಕಿದ್ದದ್ದು ಆ ಹರಳೇ. ಗಾರ್ನೆಟ್ ಬೆಳೆಯುವಾಗ ಸುತ್ತಲಿನ ಸಣ್ಣ ಕಣಗಳನ್ನು ನುಂಗುತ್ತಾ ಹೋಗುತ್ತದೆ. ಬೆಟ್ಟ ಏಳುವ ಒತ್ತಡಕ್ಕೆ ಕಲ್ಲು ಜರುಗುತ್ತಿದ್ದರೆ ಆ ಕಣಗಳ ಸಾಲು ಹರಳಿನೊಳಗೆ ಸುರುಳಿಯಾಗಿ ಉಳಿಯುತ್ತದೆ. ಭೂಮಿ ಹೊರಳಿದ ಗುರುತು ಒಂದು ಹರಳಿನೊಳಗೆ!

ಯಂತ್ರದ ಡಯಲ್ 40 ತೋರಿಸುತ್ತಿತ್ತು. ಇನ್ನೊಂದು ಸುತ್ತು ಬಿಟ್ಟೆ. ತೆಗೆದು ನೋಡಿದರೆ ಗಾರ್ನೆಟ್ ಇದ್ದ ಜಾಗದಲ್ಲಿ ತೂತು. ಮೇಲಿನಿಂದ ಕತ್ತರಿಸಿ ತೆಗೆದ ಚೂರನ್ನು ಆಗಲೇ ಕಸಕ್ಕೆ ಹಾಕಿದ್ದೆ. ಅದರಿಂದ ಇನ್ನೊಂದು ಸ್ಲೈಡ್ ಮಾಡೋಣವೆಂದು ಹುಡುಕಿದರೆ ಸಿಗಲಿಲ್ಲ.

ಕಲ್ಲು ತಂದವರಿಗೆ ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಅವರು ಬೈಯಲಿಲ್ಲ. ಸ್ಲೈಡನ್ನು ಮೈಕ್ರೋಸ್ಕೋಪಿನಡಿ ಇಟ್ಟು, "ಡಯಲ್ ಬಿಡಿ, ಕ್ವಾರ್ಟ್ಜ್ ನೋಡಿ" ಅಂದರು. ಕ್ವಾರ್ಟ್ಜ್ ಅಂದರೆ ಅದೇ ಕಲ್ಲಿನೊಳಗಿನ ಬೆಣಚು ಕಣಗಳು.

ಡಯಲ್ ಅಳೆಯುವುದು ಗಾಜು, ಅಂಟು, ಕಲ್ಲು ಮೂರನ್ನೂ ಸೇರಿಸಿ. ಅಂಟು ಸ್ವಲ್ಪ ದಪ್ಪವಾಗಿದ್ದರೆ ಲೆಕ್ಕ ತಪ್ಪಿತು. ಕ್ವಾರ್ಟ್ಜ್ ಹಾಗಲ್ಲ. ಪೋಲರೈಸರ್ ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್. ಒಂದಕ್ಕೊಂದು ಅಡ್ಡ ಇಟ್ಟ ಅಂಥ ಎರಡು ಪೋಲರೈಸರ್ ನಡುವೆ ಸ್ಲೈಡ್ ಇಟ್ಟರೆ, ಕ್ವಾರ್ಟ್ಜ್ ತನ್ನ ದಪ್ಪಕ್ಕೆ ತಕ್ಕ ಬಣ್ಣ ತೋರಿಸುತ್ತದೆ. ದಪ್ಪ ಜಾಸ್ತಿ ಇದ್ದರೆ ಹಳದಿ, ಕಿತ್ತಳೆ. 30ಕ್ಕೆ ಬಂದಾಗ ಬೂದು ಬಿಳಿ. ಇನ್ನೂ ತೆಳುವಾದರೆ ಕಪ್ಪಿನತ್ತ ಹೋಗುತ್ತದೆ. ನನ್ನ ಸ್ಲೈಡಿನಲ್ಲಿ ಅದು ಮಳೆಮೋಡದ ಬಣ್ಣಕ್ಕೆ ತಿರುಗಿತ್ತು.

ಈಗ 50 ಮೈಕ್ರಾನಿಗೆ ಯಂತ್ರ ನಿಲ್ಲಿಸುತ್ತೇನೆ. ಉಳಿದದ್ದೆಲ್ಲ ಗಾಜಿನ ಹಲಗೆಯ ಮೇಲೆ, ನೀರು ಮತ್ತು ನುಣುಪು ಪುಡಿ ಹಾಕಿ ಕೈಯಲ್ಲೇ. ಹತ್ತು ಸಲ ಉಜ್ಜುವುದು, ತೊಳೆಯುವುದು, ಕ್ವಾರ್ಟ್ಜ್ ನೋಡುವುದು, ಮತ್ತೆ ಹತ್ತು ಸಲ. ಬೇಗ ಮುಗಿಸಿ ಅಂತ ಯಾರು ಅವಸರ ಮಾಡಿದರೂ ಈ ಹಂತವನ್ನು ಬಿಡುವುದಿಲ್ಲ. ಕತ್ತರಿಸಿದ ಚೂರಿಗೆ ನಂಬರ್ ಬರೆದು ಡಬ್ಬಿಯಲ್ಲಿಡದೆ ಯಂತ್ರವನ್ನೇ ಮುಟ್ಟುವುದಿಲ್ಲ.

ಹೋದ ತಿಂಗಳು ಅಂಥದ್ದೇ ಇನ್ನೊಂದು ಗಾರ್ನೆಟ್ ಬಂತು. ಒಂದೂವರೆ ದಿನ ಹಿಡಿಯಿತು. ಪೋಲರೈಸರ್ ನಡುವೆ ಗಾರ್ನೆಟ್ ಯಾವಾಗಲೂ ಕಪ್ಪಾಗಿಯೇ ಕಾಣುತ್ತದೆ. ಆ ಕಪ್ಪಿನ ಮೇಲೆ ಪುಟ್ಟ ಕ್ವಾರ್ಟ್ಜ್ ಕಣಗಳು ಬೂದು ಬಿಳಿಯಾಗಿ ಸುರುಳಿ ಸುತ್ತಿದ್ದವು. ಕಲ್ಲು ತಂದವರನ್ನು ಕರೆದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕಣ್ಣು ತೆಗೆಯಲೇ ಇಲ್ಲ.