ನಡು ಸವೆದ ಮಸೆಗಲ್ಲು

ಮಧ್ಯಾಹ್ನ ಒಂದು ಫೋಟೊ ದೊಡ್ಡದು ಮಾಡಿ ಎಷ್ಟೋ ಹೊತ್ತು ನೋಡ್ತಾ ಕೂತಿದ್ದೆ.
ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನಲ್ಲಿದ್ದ ಕಡಲಯಾನಿಗಳಾದ ವೈಕಿಂಗರ ಕಾಲದ ಮಸೆಗಲ್ಲು. ಬೆರಳುದ್ದ. ತುದಿಯಲ್ಲೊಂದು ತೂತು, ದಾರ ಪೋಣಿಸಿ ನೇತುಹಾಕಿಕೊಳ್ಳೋಕೆ.
ನಡು ಮಾತ್ರ ಸವೆದು ತೆಳ್ಳಗಾಗಿದೆ. ಯಾರೋ ವರ್ಷಗಟ್ಟಲೆ ಅದೇ ಜಾಗದಲ್ಲಿ ಚಾಕು ಮಸೆದಿದ್ದಾರೆ.

ಜನ ಖಡ್ಗದ ಮುಂದೆ ನಿಂತು ನೋಡ್ತಾರೆ. ಅದಕ್ಕೆ ಹರಿತ ಕೊಟ್ಟಿದ್ದು ಇಂಥ ಕಲ್ಲೇ ಅಲ್ವಾ? ನನಗಂತೂ ಇದೇ ಹೆಚ್ಚು.

ನಾರ್ವೆಯ ಐಡ್ಸ್‌ಬೋರ್ಗ್‌ನ ಕಲ್ಲಿಗೆ ಆಗ ಸಮುದ್ರದಾಚೆಗೂ ಗಿರಾಕಿಗಳಿದ್ದರು. 10ನೇ ಶತಮಾನದ ಕೊನೆಗೆ ಕಟ್ಟಿದ, ಆಮೇಲೆ ಮುಳುಗಿದ ಕ್ಲೋಸ್ಟಾದ್ ಎಂಬ ಹಡಗನ್ನು 1970ರಲ್ಲಿ ಅಗೆದಾಗ ಸಿಕ್ಕ ಸರಕೂ ಮಸೆಗಲ್ಲೇ. ಯಾವ ಕತ್ತಿಯನ್ನೂ ಮುಟ್ಟದ ಹೊಸ ಕಲ್ಲುಗಳು!
ಹಡಗು ಈಗ ನಾರ್ವೆಯ ಟೋನ್ಸ್‌ಬರ್ಗ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ಒಮ್ಮೆ ಹೋಗಿ ನೋಡ್ಲೇಬೇಕು.