ಬೋರ್ಡಿನ ಮೇಲಿನ ಸಾಲು

ಹತ್ತನೇ ತರಗತಿಗೆ ಪೈಥಾಗೊರಸ್ ಪ್ರಮೇಯ ಮಾಡುತ್ತಿದ್ದೆ. ಚಿತ್ರ ಬಿಡಿಸಿದೆ. ದತ್ತ, ಸಾಧನೀಯ ಬರೆದೆ. ಸಾಧನೆಯ ಮೂರನೇ ಸಾಲಿಗೆ ಬರುವಷ್ಟರಲ್ಲಿ ಸೀಮೆಸುಣ್ಣ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದಿದ್ದವು. "ಮಿಸ್, ನಾನು ಬರೀಲಾ?" ಎಂದು ಮುಂದಿನ ಬೆಂಚಿನ ಹುಡುಗಿ ಎದ್ದು ಬಂದಳು.

ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾ ನನಗೆ 17 ವರ್ಷವಾಯಿತು. ಆ ದಿನದಿಂದ ನನ್ನ ಕಾಯಿಲೆಗೆ ಸರಿಯಾದ ಹೆಸರು ಸಿಗಲು 8 ತಿಂಗಳು ಬೇಕಾಯಿತು.

ಮೊದಲು ಹೋದ ಕಡೆ ಕತ್ತಿನ ಮೂಳೆ ಸವೆದಿದೆ ಎಂದರು. ಕತ್ತಿಗೆ ಬೆಲ್ಟ್ ಕೊಟ್ಟರು. ಆದರೆ ನಲವತ್ತು ದಾಟಿದ ಹೆಚ್ಚಿನವರ ಕತ್ತಿನ ಸ್ಕ್ಯಾನಿನಲ್ಲಿ ಅಷ್ಟು ಸವೆತ ಇದ್ದೇ ಇರುತ್ತದಂತೆ. ಇನ್ನೊಂದು ಕಡೆ ಮಣಿಕಟ್ಟಿನಲ್ಲಿ ನರ ಒತ್ತಿದೆ, ಕಾರ್ಪಲ್ ಟನಲ್ ಎಂದರು. ಅದು ಹಿಡಿಯುವುದು ಹೆಬ್ಬೆರಳು, ತೋರುಬೆರಳು, ನಡುಬೆರಳನ್ನು. ನನ್ನದು ಕಿರುಬೆರಳಿನ ಕಡೆ. ನರದ ಪರೀಕ್ಷೆ ಮಾಡಿಸಿದರೆ ಎಲ್ಲ ನಾರ್ಮಲ್ ಎಂದು ಬಂತು. ಕೊನೆಗೆ ಒಬ್ಬರು "ಟೆನ್ಷನ್ ಜಾಸ್ತಿ ಮಾಡ್ಕೋಬೇಡಿ ಮೇಡಂ" ಎಂದು ಕಳಿಸಿದರು. ಆ ಮಾತು ಕೈನೋವಿಗಿಂತ ಹೆಚ್ಚು ನೋಯಿಸಿತು. ರಾತ್ರಿ ಕೈ ಮಡಚಿ ಮಲಗಿದರೂ ಎಚ್ಚರವಾಗುತ್ತಿತ್ತು. ಇದೆಲ್ಲ ನನ್ನ ಮನಸ್ಸಿನ ಭ್ರಮೆಯೇನೋ ಎಂದು ನನಗೇ ಅನ್ನಿಸತೊಡಗಿತ್ತು.

ನಾಲ್ಕನೆಯ ಡಾಕ್ಟರು ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಕೇಳಿದರು: "ಟೀಚರ್ ಅಂದ್ರಿ. ಬೋರ್ಡ್ ಮೇಲೆ ಎಷ್ಟು ಎತ್ತರದಲ್ಲಿ ಬರೀತೀರಿ?"

8 ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಎಲ್ಲಿ ಜೋಮು ಅಂತ ಎಲ್ಲರಿಗೂ ಹೇಳಿದ್ದೆ. ಏನು ಮಾಡುವಾಗ ಬರುತ್ತದೆ ಅಂತ ಒಬ್ಬರಿಗೂ ಹೇಳಿರಲಿಲ್ಲ. ಯೋಚಿಸಿ ನೋಡಿದರೆ ಎಲ್ಲ ಅಲ್ಲೇ ಇತ್ತು. ಬೋರ್ಡಿನ ಮೇಲಿನ ಅರ್ಧದಲ್ಲಿ ಬರೆಯುವಾಗ. ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿದಾಗ. ತಲೆ ಬಾಚಿ ಜಡೆ ಹಾಕಿಕೊಳ್ಳುವಾಗ. ನೋಟ್‌ಬುಕ್ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ ಸಂಜೆ.

ಅವರು ಎರಡೂ ತೋಳನ್ನು ಹೆಗಲಿನ ಎತ್ತರಕ್ಕೆ ಎತ್ತಿಸಿ, ಮೊಣಕೈ ಮಡಚಿಸಿ, ಮುಷ್ಟಿ ಬಿಚ್ಚಿ ಮುಚ್ಚಲು ಹೇಳಿದರು. 3 ನಿಮಿಷ ಮಾಡಬೇಕಿತ್ತು. ಒಂದು ನಿಮಿಷವೂ ಆಗಿರಲಿಲ್ಲ, ಬಲಗೈ ತಾನಾಗಿ ಕೆಳಗಿಳಿಯಿತು. ಆರೋಗ್ಯವಾಗಿರುವವರಿಗೂ ಹೀಗೆ ಮಾಡಿದರೆ ಕೆಲವೊಮ್ಮೆ ಜೋಮು ಬರುತ್ತದೆ, ಇದೊಂದನ್ನೇ ನಂಬುವುದಿಲ್ಲ ಎಂದೂ ಹೇಳಿದರು. ಕತ್ತಿನ ಎಕ್ಸ್-ರೇ ತೆಗೆಸಿದರು. ಕೆಲವರಿಗೆ, ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ, ಕತ್ತಿನ ಕೊನೆಯ ಮೂಳೆಯಿಂದ ಒಂದು ಹೆಚ್ಚುವರಿ ಪಕ್ಕೆಲುಬು ಹುಟ್ಟಿರುತ್ತದೆ. ನನಗೆ ಇರಲಿಲ್ಲ. ಕೈ ಎತ್ತಿಸಿ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿದರು. ರಕ್ತನಾಳ ಸರಿಯಿತ್ತು. ಕೊನೆಗೆ ಹೆಸರು ಹೇಳಿದರು: ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್.

ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬಿನ ನಡುವೆ ಒಂದು ಇಕ್ಕಟ್ಟಾದ ದಾರಿ ಇದೆ. ಕೈಗೆ ಹೋಗುವ ನರಗಳ ಕಟ್ಟು, ರಕ್ತನಾಳಗಳು ಅಲ್ಲಿಂದಲೇ ಹೋಗಬೇಕು. ಅದಕ್ಕೂ ಸ್ವಲ್ಪ ಮೇಲೆ, ಕತ್ತಿನ ಪಕ್ಕದ ಸ್ಕೇಲಿನ್ ಸ್ನಾಯುಗಳ ನಡುವೆ ನರಗಳು ನುಸುಳಬೇಕು. ಕೈ ಮೇಲೆತ್ತಿದಾಗ ದಾರಿ ಇನ್ನೂ ಕಿರಿದಾಗುತ್ತದೆ. ಭಾರದ ಚೀಲ ಹೆಗಲನ್ನು ಕೆಳಗೆ ಎಳೆದರೂ ಹಾಗೇ. ಬಹುಪಾಲು ಜನರಿಗೆ ಒತ್ತುವುದು ನರ. ಎಷ್ಟೋ ಸಲ ನರದ ಪರೀಕ್ಷೆಯಲ್ಲಿ ಅದು ಸಿಕ್ಕುವುದೇ ಇಲ್ಲ.

ರಕ್ತನಾಳ ಒತ್ತಿದರೆ ಕಥೆ ಬೇರೆ. ತೋಳು ಇದ್ದಕ್ಕಿದ್ದಂತೆ ಊದಿ ನೀಲಿಯಾದರೆ, ಅಥವಾ ಕೈ ತಣ್ಣಗಾಗಿ ಬಿಳಚಿಕೊಂಡರೆ, ನಾಳೆ ನೋಡೋಣ ಅನ್ನಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ಅಂದರೆ ನನಗೆ ಫಿಸಿಯೋಥೆರಪಿ. ಅದಕ್ಕೆ ಮೊದಲು ವಿಡಿಯೋ ನೋಡಿಕೊಂಡು ಡಂಬೆಲ್ ಎತ್ತಿ ಹೆಗಲು ಗಟ್ಟಿ ಮಾಡಿಕೊಳ್ಳಲು ಹೋಗಿದ್ದೆ, ನೋವು ದುಪ್ಪಟ್ಟಾಗಿತ್ತು. ಫಿಸಿಯೋ ಮೇಡಂ ಮೊದಲ ದಿನ ನನ್ನ ಕತ್ತಿನ ಪಕ್ಕ ಎರಡು ಬೆರಳಿಟ್ಟು, "ತರಗತಿಯಲ್ಲಿ ಮಾತಾಡೋ ಹಾಗೆ ಜೋರಾಗಿ ಮಾತಾಡಿ" ಎಂದರು. ಒಂದೊಂದು ವಾಕ್ಯಕ್ಕೂ ಕತ್ತಿನ ಸ್ನಾಯು ಹಗ್ಗದ ಹಾಗೆ ಬಿಗಿಯುತ್ತಿತ್ತು. 50 ಮಕ್ಕಳ ಗಲಾಟೆಯ ಮೇಲೆ ದನಿ ಎತ್ತಿ ಎತ್ತಿ, ನಾನು ಎದೆಯ ಮೇಲ್ಭಾಗದಿಂದಲೇ ಉಸಿರಾಡಲು ಕಲಿತಿದ್ದೆ. ಆ ಸ್ಕೇಲಿನ್ ಸ್ನಾಯುಗಳೇ ಮೊದಲ ಪಕ್ಕೆಲುಬನ್ನು ಮೇಲೆ ಎಳೆಯುವುದು. ಹಾಗಾಗಿ ನನ್ನ ಮೊದಲ ವ್ಯಾಯಾಮ ಹೊಟ್ಟೆಯಿಂದ ಉಸಿರಾಡುವುದು. ಆಮೇಲೆ ಕತ್ತು, ಎದೆಯ ಮುಂಭಾಗದ ಸ್ನಾಯುಗಳನ್ನು ಮೆಲ್ಲಗೆ ಎಳೆಯುವುದು. ಬೆನ್ನಿನ ಹಲಗೆ ಮೂಳೆಯ ಸುತ್ತ ಬಲ ತುಂಬುವ ವ್ಯಾಯಾಮ ಎಷ್ಟೋ ವಾರಗಳ ನಂತರ ಬಂತು. ನಾಲ್ಕು ತಿಂಗಳು ದಿನವೂ ಮಾಡಿದ ಮೇಲೆ ರಾತ್ರಿ ಪೂರ್ತಿ ನಿದ್ದೆ ಬಂತು. ಅಷ್ಟು ಮಾಡಿಯೂ ಗುಣ ಕಾಣದವರಿಗೆ ಮೊದಲ ಪಕ್ಕೆಲುಬು ತೆಗೆಯುವ ಆಪರೇಷನ್ ಇದೆ. ನರಗಳ ಪಕ್ಕದಲ್ಲೇ ಕೈ ಹಾಕುವ ಕೆಲಸ, ಶ್ವಾಸಕೋಶವೂ ಅಲ್ಲೇ ಇದೆ. ಈ ಆಪರೇಷನ್ ಮಾಡಿ ಅಭ್ಯಾಸವಿರುವ ಸರ್ಜನ್ ಬಳಿಯೇ ಹೋಗಬೇಕು. ನನಗೆ ಅದರ ಅಗತ್ಯ ಬೀಳಲಿಲ್ಲ.

ಶಾಲೆಯಲ್ಲಿ ಹೇಳಿಕೊಳ್ಳಲು ಮುಜುಗರವಿತ್ತು. ಹೊರಗೆ ಏನೂ ಕಾಣದ ಕಾಯಿಲೆ, ಕೆಲಸ ತಪ್ಪಿಸಿಕೊಳ್ಳುವ ನೆಪ ಅಂದುಕೊಂಡರೆ? ಡಾಕ್ಟರ ಬಳಿ ಚೀಟಿ ಬರೆಸಿಕೊಂಡೆ. ಕಾಯಿಲೆಯ ಹೆಸರಿನ ಜೊತೆಗೆ "ಹೆಗಲಿಗಿಂತ ಮೇಲೆ ಕೈ ಎತ್ತಿ ಬಹಳ ಹೊತ್ತು ಬರೆಯಬಾರದು, ಹೆಗಲಿಗೆ ಭಾರ ಹಾಕಬಾರದು" ಎಂದು ಬರೆಯಿರಿ ಅಂತ ಕೇಳಿಕೊಂಡೆ. ಆ ಸಾಲೇ ಕೆಲಸಕ್ಕೆ ಬಂತು. ಎಚ್.ಎಂ. ಸರ್ ಓದಿ, ತರಗತಿಗೇ ಬಂದು ನಾನು ಬರೆಯುವುದನ್ನು ನೋಡಿದರು. ಬೋರ್ಡು ಕೆಳಗಿಳಿಸಿದರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ. "ಹಾಗಾದ್ರೆ ನೀವೇ ಮೇಲೆ ನಿಲ್ಲಿ ಮೇಡಂ" ಎಂದು ಬಡಗಿಯನ್ನು ಕರೆಸಿ, ಗೋಡೆಯುದ್ದಕ್ಕೂ ಎಂಟು ಇಂಚು ಎತ್ತರದ ಮರದ ಕಟ್ಟೆ ಮಾಡಿಸಿದರು. ನೋಟ್‌ಬುಕ್ಕುಗಳನ್ನು ಈಗ ಶಾಲೆಯಲ್ಲೇ ತಿದ್ದುತ್ತೇನೆ, ಚೀಲ ಮನೆಗೆ ತರುವುದಿಲ್ಲ.

ಪೂರ್ತಿ ವಾಸಿಯಾಗಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಲು ಈಗಲೂ ಆಗುವುದಿಲ್ಲ, ಸೀಟಿನ ಹಿಡಿ ಹುಡುಕುತ್ತೇನೆ. ಪರೀಕ್ಷೆಯ ದಿನಗಳಲ್ಲಿ ವ್ಯಾಯಾಮ ಬಿಟ್ಟರೆ ವಾರದೊಳಗೆ ಬೆರಳು ಜೋಮು ಹಿಡಿಯುತ್ತದೆ. ಕಟ್ಟೆಯ ಮೇಲೆ ನಿಂತರೂ ಬೋರ್ಡಿನ ತೀರಾ ಮೇಲಿನ ಸಾಲು ನನ್ನ ಕೈಗೆ ಎತ್ತರವೇ. ತಾರೀಖು, ಪಾಠದ ಹೆಸರು ಬರೆಯುವ ಆ ಸಾಲನ್ನು ಮಕ್ಕಳಿಗೆ ಬಿಟ್ಟಿದ್ದೇನೆ. ದಿನಕ್ಕೊಬ್ಬರಂತೆ ಸರದಿ ಹಾಕಿಕೊಂಡು, ಬೆಲ್ ಹೊಡೆಯುವ ಮೊದಲೇ ಬರೆದಿಟ್ಟಿರುತ್ತಾರೆ.